ಎಂಟು ಎಳೆ

ದುರುಗಮ್ಮ ಬಟ್ಟೆ ಹರವುವ ಮೊದಲು ತಂತಿಯನ್ನು ಒದ್ದೆ ಚಿಂದಿಯಿಂದ ಒರೆಸುತ್ತಿದ್ದಳು. ಒಂದು ತುದಿಯಲ್ಲಿ ಹಿಡಿದರೆ ಇನ್ನೊಂದು ತುದಿ ಮುಟ್ಟುವವರೆಗೆ ಕೈ ಬಿಡುತ್ತಿರಲಿಲ್ಲ. ಅಂಗೈಯೊಳಗೆ ತಂತಿಯನ್ನು ಹಾಯಿಸಿಕೊಂಡು ಹಿತ್ತಿಲಿನ ಉದ್ದಕ್ಕೂ ನಡೆಯುವಳು, ಯಾರನ್ನೋ ಕೈ ಹಿಡಿದು ಕರೆದುಕೊಂಡು ಹೋಗುವವರ ಹಾಗೆ. ಆಕೆ ತೀರಿಕೊಂಡು ಹನ್ನೊಂದು ತಿಂಗಳಾದ ಮೇಲೂ ಮಾಲತೇಶಪ್ಪ ಅದನ್ನು ಹಾಗೆಯೇ ನಡೆಸಿಕೊಂಡು ಬಂದಿದ್ದ. ಅವನು ಒಗೆಯುತ್ತಿದ್ದುದು ಒಂದು ಪಂಚೆ, ಒಂದು ಬನಿಯನ್ನು. ಅದಕ್ಕೆ ಎರಡು ಮಾರು ತಂತಿ ಹೆಚ್ಚಾಯಿತು. ಆದರೂ ಬೇವಿನ ಮರದಿಂದ ಗೋಡೆಯ ಗೂಟಕ್ಕೆ, ಗೂಟದಿಂದ ಕಿಟಕಿಯ ಸರಳಿಗೆ, ಸರಳಿನಿಂದ ತಿರುಗಿ ಬೇವಿನ ಮರಕ್ಕೆ ಹೋಗುವ ಮೂವತ್ತು ಮೀಟರನ್ನೂ ಅವನು ಒರೆಸುತ್ತಿದ್ದ. ಒಂದು ಕಾಲಕ್ಕೆ ನೀಲಿಯಾಗಿದ್ದ ಆ ತಂತಿ ಬಿಸಿಲಿಗೆ ಬೂದಿ ಬಣ್ಣಕ್ಕೆ ತಿರುಗಿತ್ತು. ಅದು ಕಂಪ್ಯೂಟರಿಗೆ ಹಾಕುವ ಕೇಬಲ್ಲು ಎಂದು ಈಗ ನೋಡಿದವರಿಗೆ ತಿಳಿಯುವಂತಿರಲಿಲ್ಲ.

"ಅಪ್ಪಾ, ಮಷೀನಿಗೆ ಹಾಕಿದ್ರೆ ಅದೇ ಒಣಗಿಸಿ ಕೊಡ್ತತೆ. ದಿನಾ ಆ ವೈರಿಗೇನು ಪೂಜಿ ಮಾಡ್ತೀಯ?" ಎಂದು ಮಗಳು ಸುಧಾ ಅಡುಗೆಮನೆಯಿಂದ ಕೂಗಿದಳು. ಅವನು ಚಿಂದಿಯನ್ನು ಹಿಂಡಿ ಗೂಟಕ್ಕೆ ಸಿಕ್ಕಿಸಿದ. ಹಣೆಗೆ ಅರಿಶಿನದ ಭಂಡಾರ ಇಟ್ಟುಕೊಂಡು, ಬಾಯೊಳಗೆ ಮೈಲಾರಲಿಂಗನ ಹೆಸರು ಹೇಳಿಕೊಂಡು, ಚಪ್ಪಲಿ ಮೆಟ್ಟಿದ. ಆ ಭಾನುವಾರ ಅವನಿಗೆ ಎಂ.ಸಿ.ಸಿ. ಬಿ ಬ್ಲಾಕ್ ಬಡಾವಣೆಯ ಸ್ಕ್ಯಾನಿಂಗ್ ಸೆಂಟರಿನಿಂದ ಕರೆ ಬಂದಿತ್ತು. ಅಲ್ಲಿ ಅವನು ಇಪ್ಪತ್ತಾರು ವರ್ಷ ಎಲೆಕ್ಟ್ರಿಷಿಯನ್ ಆಗಿದ್ದವನು. ಹಳೆಯ ಡಾಕ್ಟರು ಈಗ ಇಲ್ಲ. ಅವರ ಸೊಸೆ ಡಾಕ್ಟರ್ ಪದ್ಮಶ್ರೀ ನಡೆಸುತ್ತಾಳೆ. ಹೊಸ ಮಷೀನಿನ ಚಿತ್ರಗಳು ಬಹಳ ದೊಡ್ಡವಂತೆ, ಹಳೆಯ ಕೇಬಲ್ಲಿನಲ್ಲಿ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಹೋಗುವಷ್ಟರಲ್ಲಿ ರೋಗಿ ಎದ್ದು ಕಾಫಿ ಕುಡಿದು ಬರುತ್ತಾನಂತೆ. ಎಲ್ಲ ಕೇಬಲ್ಲನ್ನೂ ತೆಗೆದು ಹತ್ತು ಪಟ್ಟು ಓಡುವಂಥದು ಹಾಕಿಸಬೇಕು. ಗೋಡೆಯೊಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎನ್ನುವ ನಕ್ಷೆ ಯಾರ ಹತ್ತಿರವೂ ಇಲ್ಲ. "ನಕ್ಷೆ ಅಂದ್ರೆ ನೀವೇ ಅಲ್ವಾ, ಮಾಲತೇಶಪ್ಪನವರೇ, ಬಂದು ನಿಂತ್ಕೊಳ್ರಿ ಸಾಕು" ಎಂದು ಅವಳು ಫೋನಿನಲ್ಲಿ ನಕ್ಕಿದ್ದಳು.

ಬರುವುದಿಲ್ಲ ಎನ್ನಲು ಅವನಿಗೆ ಒಂದು ನೆವ ಹೊಳೆಯಲಿಲ್ಲ. ನಿದ್ದೆ ಮಾತ್ರ ಹಾರಿಹೋಗಿತ್ತು. ಆ ಕಟ್ಟಡದ ಮೇಲಂತಸ್ತಿನ ಮೂಲೆಯ ಕೋಣೆಯಲ್ಲಿ, ಒಂದು ಬಿಳಿ ಮುಚ್ಚಳದ ಹಿಂದೆ, ಇಪ್ಪತ್ತೆರಡು ವರ್ಷದಿಂದ ಒಂದು ಸಂಗತಿ ಕುಳಿತಿತ್ತು. ಅದನ್ನು ಬಲ್ಲವನು ಅವನೊಬ್ಬನೇ. ದುರುಗಮ್ಮನಿಗೂ ಗೊತ್ತಿರಲಿಲ್ಲ. ಈಗ ಗೊತ್ತಾಗಿರಬಹುದು ಎಂದು ಇತ್ತೀಚೆಗೆ ಅವನಿಗೆ ಅನ್ನಿಸತೊಡಗಿತ್ತು. ಹೋದವರಿಗೆ ಎಲ್ಲವೂ ಕಾಣಿಸುತ್ತದೆ ಎನ್ನುತ್ತಾರೆ. ಕೊಂಡಜ್ಜಿ ಊರಿನ ತಮ್ಮ ಹೊಲದ ಬದುವಿನಲ್ಲಿ ಆಕೆಯನ್ನು ಮಣ್ಣು ಮಾಡಿದ ದಿನ ಕೆರೆಯ ಕಡೆಯಿಂದ ಗಾಳಿ ಬಂದು ಅವನ ಹೆಗಲ ಮೇಲಿನ ಟವೆಲನ್ನು ಎತ್ತಿಕೊಂಡು ಹೋಗಿತ್ತು. ಟವೆಲು ಜಾಲಿಯ ಮುಳ್ಳಿಗೆ ಸಿಕ್ಕಿ ಒಣಹಾಕಿದ ಹಾಗೆ ನೇತಾಡಿದ್ದನ್ನು ನೋಡಿ ಅವನಿಗೆ ಅಳು ನಿಂತು, ಹೆದರಿಕೆ ಹುಟ್ಟಿತ್ತು.

ಸೆಂಟರಿನ ಬಾಗಿಲಲ್ಲಿ ಒಬ್ಬ ಮೂವತ್ತರ ಆಸುಪಾಸಿನವನು ಕೇಬಲ್ಲಿನ ಪೆಟ್ಟಿಗೆಗಳನ್ನು ಇಳಿಸುತ್ತಿದ್ದ. ಬೆವರು ಒರೆಸಿಕೊಂಡು ಬಂದು ಎರಡೂ ಕೈಯಿಂದ ಮಾಲತೇಶಪ್ಪನ ಕೈ ಹಿಡಿದ. "ಕಾಕಾ, ಗುರುತು ಸಿಗಲಿಲ್ಲಲ್ಲ? ನಾನು ದಾನಿಶ್. ಹರಿಹರದ ನಬೀ ಸಾಬರ ಮಗ."

ಮಾಲತೇಶಪ್ಪ ಅವನ ಮುಖವನ್ನೇ ನೋಡಿದ. ನಬಿಯ ಮಗ ಇದೇ ಕೆಲಸ ಹಿಡಿದಿದ್ದಾನೆಂದು ಅವನು ಕೇಳಿರಲಿಲ್ಲ. ಹುಡುಗನ ಮೂಗು, ಅದರ ಪಕ್ಕದ ಮಚ್ಚೆ, ಎಲ್ಲವೂ ಅಪ್ಪನದೇ.

"ಅಬ್ಬಾ ನಿಮ್ಮ ಸುದ್ದಿ ಹೇಳ್ತಾನೇ ಇರ್ತಾರೆ. ಲಕ್ವಾ ಹೊಡೆದು ಬಲಗೈ, ಬಲಗಾಲು ಎತ್ತಾಕಾಗಲ್ಲ, ಬಾಯಿ ಮಾತ್ರ ಚೆಂದಾಗೈತೆ. ಅವತ್ತು ವೈರು ಕಳೆದಾಗ ನನ್ನ ಜೊತೆ ರಸ್ತಿ ತುಂಬಾ ಹುಡುಕಿದಾವ ಮಾಲತೇಶಿ ಒಬ್ಬನೇ, ಉಳಿದೋರೆಲ್ಲ ನಕ್ಕರು ಅಂತಾರೆ." ದಾನಿಶ್ ದನಿ ತಗ್ಗಿಸಿ ಒಳಗೆ ನೋಡಿದ. "ಮೇಡಮ್ಮಾರಿಗೆ ನಾನು ಯಾರ ಮಗ ಅಂತ ಹೇಳಿಲ್ಲ, ಕಾಕಾ. ನೀವೂ ಹೇಳಬ್ಯಾಡ್ರಿ. ಕೆಲಸ ಮುಗೀಲಿ."

ಹುಡುಕಿದ್ದು ನಿಜ. ಇಪ್ಪತ್ತೆರಡು ವರ್ಷದ ಹಿಂದಿನ ಆ ಶುಕ್ರವಾರದ ಬಿಸಿಲು ಮಾಲತೇಶಪ್ಪನ ನೆತ್ತಿಯ ಮೇಲೆ ಇನ್ನೂ ಇಳಿಯದೆ ನಿಂತಿದೆ. ಕಟ್ಟಡಕ್ಕೆಲ್ಲ ಕೇಬಲ್ಲು ಎಳೆದು ಮುಗಿದಿತ್ತು. ಮೇಲಿನ ಮೂಲೆಯ ಕೋಣೆಯ ಎರಡು ಕಂಪ್ಯೂಟರುಗಳಿಗಾಗಿ ಮೂವತ್ತು ಮೂವತ್ತು ಮೀಟರಿನ ಎರಡು ಸುತ್ತು ಬೇಕಾಗಿದ್ದವು. ಅವನ ಕೈಕೆಳಗೆ ಕೆಲಸಕ್ಕಿದ್ದ ನಬೀ ಮಂಡಿಪೇಟೆಯ ಅಂಗಡಿಯಿಂದ ಸೈಕಲ್ಲಿನ ಕ್ಯಾರಿಯರಿಗೆ ಕಟ್ಟಿಕೊಂಡು ತಂದವನು, ನಮಾಜಿಗೆ ಹೊತ್ತಾಯಿತೆಂದು ಸೈಕಲನ್ನು ಹೊಂಗೆಯ ಕೆಳಗೆ ನಿಲ್ಲಿಸಿ ಹಾಗೆಯೇ ಮಸೀದಿಗೆ ನಡೆದಿದ್ದ. ಅವತ್ತು ಬೆಳಿಗ್ಗೆ ದುರುಗಮ್ಮನ ನಾರಿನ ಹಗ್ಗ ಮೂರನೆಯ ಸಲ ಹರಿದು, ಒಗೆದ ಬಟ್ಟೆಯೆಲ್ಲ ಕೆಸರಿಗೆ ಬಿದ್ದಿತ್ತು. ಆಕೆ ಬೈದಿದ್ದರೆ ಅವನು ಮರೆಯುತ್ತಿದ್ದ. ಆಕೆ ಏನೂ ಅನ್ನದೆ, ಕೆಸರಾದ ಸೀರೆಯನ್ನು ಕೈಯಲ್ಲಿ ಹಿಡಿದು ಸುಮ್ಮನೆ ನಿಂತಿದ್ದಳು. ಕ್ಯಾರಿಯರಿನ ಮೇಲೆ ನೀಲಿ ಸುತ್ತು ಹೊಳೆಯಿತು. ಕೈ ಹೋಯಿತು. ಒಂದು ಸುತ್ತು ಅವನ ಬುತ್ತಿಚೀಲದೊಳಗೆ ರೊಟ್ಟಿಯ ಡಬ್ಬಿಯ ಮೇಲೆ ಕುಳಿತಿತು. ಮುಂದಿನ ವಾರ ಕೊಂಡು ತಂದು ಇಟ್ಟುಬಿಡುವುದು ಎಂದು ಅವನು ನಿಜವಾಗಿಯೂ ಅಂದುಕೊಂಡಿದ್ದ.

ನಮಾಜು ಮುಗಿಸಿ ಬಂದ ನಬೀ ಕ್ಯಾರಿಯರು ನೋಡಿ ತಬ್ಬಿಬ್ಬಾದ. "ಬಿಗಿಯಾಗಿ ಕಟ್ಟಿದ್ನಲ್ಲೋ ಮಾಲತೇಶಿ. ದಾರಿಯಾಗೆ ಬಿತ್ತೇನೋ." ಇಬ್ಬರೂ ಹೊರಟರು. ರೈಲ್ವೆ ಗೇಟಿನ ಉಬ್ಬು, ಅಲ್ಲಿಂದ ಮಂಡಿಪೇಟೆ, ತಿರುಗಿ ಅದೇ ದಾರಿ. ನಬೀ ರಸ್ತೆಯ ಎಡಕ್ಕೆ, ಅವನು ಬಲಕ್ಕೆ, ಕಣ್ಣು ನೆಲದ ಮೇಲೆ. ಚರಂಡಿಗಳಲ್ಲಿ ಕೂಡ ಬಗ್ಗಿ ನೋಡಿದ. ನೋಡುತ್ತಾ ನೋಡುತ್ತಾ ಅವನಿಗೆ ಒಂದು ಹಂತದಲ್ಲಿ ತಾನು ನಿಜಕ್ಕೂ ಹುಡುಕುತ್ತಿದ್ದೇನೆ ಎನ್ನಿಸಿತ್ತು. ಒಂದು ನೀಲಿ ಪ್ಲಾಸ್ಟಿಕ್ಕಿನ ಚೂರು ಕಂಡು ಎದೆ ಹಾರಿತ್ತು. ಅವನ ಹೆಗಲಿನ ಚೀಲ ಮಾತ್ರ ಹೆಜ್ಜೆಗೊಮ್ಮೆ ಬೆನ್ನಿಗೆ ಬಡಿಯುತ್ತಿತ್ತು.

"ಮಾಲತೇಶಪ್ಪನವರೇ, ಎಲ್ಲಿ ಕಳೆದುಹೋದ್ರಿ?" ಪದ್ಮಶ್ರೀ ಕರೆದಳು. ಅವನು ರಿಸೆಪ್ಷನ್ನಿನ ಮೇಜಿನ ಕೆಳಗೆ ಮಂಡಿಯೂರಿ ಕುಳಿತಿದ್ದ. ದಾನಿಶ್ ಕೆಲಸ ಬಲ್ಲವನೇ. ಹಳೆಯ ಕೇಬಲ್ಲಿನ ತುದಿಗೆ ಹೊಸ ಕೇಬಲ್ಲಿನ ತುದಿಯನ್ನು ಜೋಡಿಸಿ, ಟೇಪು ಸುತ್ತಿ, ಗೋಡೆಯ ಪೈಪಿನ ಬಾಯಿಗೆ ಇಡುತ್ತಿದ್ದ. ಆಮೇಲೆ ಇನ್ನೊಂದು ಕಡೆ ಹೋಗಿ ಹಳೆಯದನ್ನು ಎಳೆಯುವುದು. ಹಳೆಯದು ಹೊರಗೆ ಬರುತ್ತಾ ಹೊಸದನ್ನು ತಾನೇ ಒಳಗೆ ಕರೆದುಕೊಳ್ಳುತ್ತದೆ. ನಬಿಗೆ ಈ ಉಪಾಯ ಕಲಿಸಿದವನು ಮಾಲತೇಶಪ್ಪನೇ. ನಬೀ ಮಗನಿಗೆ ಕಲಿಸಿದ್ದಾನೆ. ಈ ತುದಿಯಲ್ಲಿ ಸಿಕ್ಕಾಗದಂತೆ ಬಿಡುವುದು ಮುದುಕನ ಕೆಲಸ. ಅವನ ಅಂಗೈಯೊಳಗೆ ಹೊಸ ಕೇಬಲ್ಲು ತಣ್ಣಗೆ ಜಾರತೊಡಗಿತು. ಕಣ್ಣು ಮುಚ್ಚಿದರೆ ಅದು ಹಿತ್ತಿಲಿನ ತಂತಿ. ಗೋಡೆಯ ಆಚೆಗೆ ದುರುಗಮ್ಮ ಹಿಡಿದು ಹೋಗುತ್ತಿದ್ದಾಳೆ, ಆಕೆಯ ಬಳೆ ಪೈಪಿಗೆ ತಾಗುವುದು ಕೇಳುತ್ತದೆ. ಎಷ್ಟು ಉದ್ದ ಐತಿದು, ಮುಗಿಯದೇ ಇಲ್ಲ ನೋಡ್ರಿ, ಎಂದು ಆ ಸಂಜೆ ನಗುತ್ತಾ ಕಟ್ಟಿದ್ದಳು. ಗಂಟು ಬಿಗಿದು, ತಂತಿಯನ್ನು ಬೆರಳಿನಿಂದ ಮೀಟಿ, ಇನ್ನು ನನ್ನ ಹೆಣ ಎತ್ತೋತನಕ ಇದು ಹರಿಯಲ್ಲ ಎಂದಿದ್ದಳು. ಆ ನಗುವನ್ನು ಕಂಡ ಮೇಲೆ ಅದನ್ನು ಬಿಚ್ಚಿಕೊಂಡು ಹೋಗುವ ಗಂಡ ಯಾವನಿದ್ದಾನೆ?

ಕೇಬಲ್ಲಿನೊಳಗೆ ಎಂಟು ಎಳೆಗಳಿರುತ್ತವೆ. ಅಂದಿನ ಕಂಪ್ಯೂಟರುಗಳಿಗೆ ಅವುಗಳಲ್ಲಿ ನಾಲ್ಕೇ ಸಾಕಾಗಿದ್ದವು. ಶನಿವಾರ ಅವನು ಮೂಲೆಯ ಕೋಣೆಗೆ ಉಳಿದಿದ್ದ ಒಂದೇ ಸುತ್ತನ್ನು ಎಳೆದು, ಎರಡೂ ತುದಿಯಲ್ಲಿ ಸೀಳಿ, ನಾಲ್ಕು ಎಳೆಯನ್ನು ಒಂದು ಕಂಪ್ಯೂಟರಿಗೆ, ನಾಲ್ಕನ್ನು ಇನ್ನೊಂದಕ್ಕೆ ಕೊಟ್ಟ. ಎರಡೂ ಓಡಿದವು. ಹರಿಹರದ ದೇವರಿಗೆ ಮೈ ಒಂದೇ, ಬಲಕ್ಕೆ ಹರ, ಎಡಕ್ಕೆ ಹರಿ. ಹಾಗಿರುವಾಗ ಇದರಲ್ಲಿ ತಪ್ಪೇನು ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಚ್ಚಳ ಹಾಕಿದ್ದ. ದೇವರನ್ನು ಅಡ್ಡ ತಂದದ್ದಕ್ಕೆ ಅವನಿಗೆ ಈಗಲೂ ಆ ಗುಡಿಯ ಮುಂದೆ ಹೋದರೆ ಕತ್ತು ಎತ್ತಲು ಆಗುವುದಿಲ್ಲ. ಅದೇ ಶನಿವಾರ ಹಳೆಯ ಡಾಕ್ಟರು ಎಲ್ಲರ ಮುಂದೆ ನಬಿಯನ್ನು ಕೇಳಿದ್ದರು: "ಎರಡು ಸುತ್ತು ಕೊಟ್ಟೀನಿ ಅಂತ ಅಂಗಡಿಯವ ಅಂತಾನೆ. ಒಂದು ಯಾರ ಮನಿಗೆ ಹೋಯ್ತೋ?" ನಬೀ ಮಾಲತೇಶಪ್ಪನ ಕಡೆ ನೋಡಿದ್ದ. ನನ್ನ ಜೊತೆ ಹುಡುಕಿದ್ದೀಯಲ್ಲ, ಒಂದು ಮಾತು ಹೇಳು, ಎನ್ನುವ ನೋಟ. ಮಾಲತೇಶಪ್ಪ ಬಲ್ಬು ಬದಲಿಸಲು ಏಣಿ ಹತ್ತಿದ. ಸೋಮವಾರದಿಂದ ನಬೀ ಬರಲಿಲ್ಲ.

"ಕಾಕಾ!" ಮೇಲಿನಿಂದ ದಾನಿಶನ ನಗು ಕೇಳಿತು. "ಮ್ಯಾಲೆ ಬರ್ರಿ, ಒಂದು ತಮಾಷೆ ನೋಡ್ರಿ!"

ಮೆಟ್ಟಿಲು ಹದಿನೆಂಟು. ಅವನು ಒಂದೊಂದನ್ನೂ ಎಣಿಸಿದ. ಮೂಲೆಯ ಕೋಣೆಯಲ್ಲಿ ಬಿಳಿ ಮುಚ್ಚಳ ನೆಲದ ಮೇಲಿತ್ತು. ಗೋಡೆಯ ತೂತಿನಿಂದ ಒಂದೇ ಕೇಬಲ್ಲು ಹೊರಬಂದು, ಹಾವಿನ ನಾಲಿಗೆಯಂತೆ ಎರಡಾಗಿ ಸೀಳಿತ್ತು. ಪದ್ಮಶ್ರೀ ಬಗ್ಗಿ ನೋಡುತ್ತಿದ್ದಳು.

"ಹಳೇ ಕಾಲದೋರು ನಾಲ್ಕು ಎಳಿಯಾಗೆ ಸಂಸಾರ ಮಾಡ್ಯಾರ್ರಿ ಮೇಡಂ," ಎಂದ ದಾನಿಶ್. "ಹೊಸಾ ಸ್ಪೀಡು ಇದರಾಗೆ ಹೆಂಗೆ ಬರ್ತತೆ? ಅದಕ್ಕೆ ಎಂಟೂ ಬೇಕು. ಇಲ್ಲಿ ಎರಡು ಕೇಬಲ್ ಇರಬೇಕಿತ್ತು."

"ಓ, ಈಗ ತಿಳೀತು. ಇದು ಆ ನಬೀ ಸಾಬ್ ಅಂತ ಒಬ್ಬನಿದ್ದನಂತಲ್ಲ, ಅವನ ಕೆಲಸ," ಎಂದಳು ಪದ್ಮಶ್ರೀ. "ಮಾವ ಹೇಳ್ತಿದ್ರು, ವೈರು ಕದ್ದು ಓಡಿಹೋದ ಅಂತ. ನೋಡ್ರಿ, ಕದ್ದದ್ದಲ್ಲದೆ ಒಂದರಾಗೆ ಎರಡು ಜೋಡಿಸಿ ಮುಚ್ಚಿಟ್ಟಾನೆ. ಜಾಣ ಇದ್ದ ಬಿಡ್ರಿ!"

ದಾನಿಶನ ನಗು ಮುಖದ ಮೇಲೆಯೇ ನಿಂತಿತು, ಒಳಗಿನ ದೀಪ ಮಾತ್ರ ಆರಿತು. ಕಿವಿಗಳು ಕೆಂಪಾದವು. ಅವನು ಇಕ್ಕಳವನ್ನು ತೆರೆದು ಮುಚ್ಚಿದ, ಮತ್ತೆ ತೆರೆದ. ಆಮೇಲೆ, ತಲೆ ಎತ್ತದೆ, ಮಾಲತೇಶಪ್ಪನ ಕಡೆಗೆ ಅರೆಗಣ್ಣಿನಲ್ಲಿ ನೋಡಿದ. ಅದೇ ಮೂಗು, ಅದೇ ಮಚ್ಚೆ, ಅದೇ ನೋಟ. ಮೂಲೆಯಲ್ಲಿ ಏಣಿಯೊಂದು ಗೋಡೆಗೆ ಒರಗಿತ್ತು. ಮಾಲತೇಶಪ್ಪನ ಕಾಲು ಆ ಕಡೆಗೆ ಒಂದು ಹೆಜ್ಜೆ ಇಟ್ಟೂಬಿಟ್ಟಿತ್ತು. ಏಣಿಯ ಮೆಟ್ಟಿಲನ್ನು ಕೈಯಲ್ಲಿ ಹಿಡಿದ ಮೇಲೆ ಅವನಿಗೆ ತಾನು ಏನು ಮಾಡುತ್ತಿದ್ದೇನೆ ಎಂಬುದು ಕಂಡಿತು. ಆ ಕೋಣೆಯ ಗಾಳಿಯೆಲ್ಲ ಒದ್ದೆ ಬಟ್ಟೆಯ ವಾಸನೆ.

"ತಾಯೀ, ಅದನ್ನು ಜೋಡಿಸಿದವ ನಾನು," ಎಂದ. "ವೈರು ತಗಂಡಾವ ನಾನು. ನಬೀ ನಮಾಜಿಗೆ ಹೋದಾಗ ಸೈಕಲ್ ಮ್ಯಾಲಿಂದ ತಗಂಡೆ. ನಮ್ಮ ಮನಿಯಾಗೆ ಬಟ್ಟೆ ಒಣಾಕಾಕೆ ಕಟ್ಟೇವಿ. ಈಗಲೂ ಐತೆ."

ಪದ್ಮಶ್ರೀ ಒಂದು ಗಳಿಗೆ ಅವನನ್ನು ನೋಡಿದಳು. ಆಮೇಲೆ ನಕ್ಕುಬಿಟ್ಟಳು, ಕರುಣೆಯಿಂದಲೇ. "ಅಯ್ಯೋ, ಬಟ್ಟೆ ಒಣಗಿಸೋಕಾ? ಹೋಗ್ಲಿ ಬಿಡ್ರಿ. ಯಾವ ಕಾಲದ ಮಾತು. ನೀವು ಸುಮ್ನೆ ಮನಸ್ಸಿಗೆ ಹಚ್ಕೋಬ್ಯಾಡ್ರಿ. ಎಲ್ಲರಿಗೂ ಚಹಾ ಹೇಳಲಾ?" ಎಂದು ಫೋನು ಕಿವಿಗೆ ಇಟ್ಟುಕೊಂಡು ಕೆಳಗೆ ಇಳಿದುಹೋದಳು. ಇಪ್ಪತ್ತೆರಡು ವರ್ಷ ಎದೆಯ ಮೇಲೆ ಹೊತ್ತಿದ್ದ ಬಂಡೆಯನ್ನು ಅವನು ಇಳಿಸಿದರೆ, ಅದು ಅವಳ ಕಾಲಬುಡದಲ್ಲಿ ಒಂದು ಕಡಲೆಕಾಳಿನಷ್ಟೂ ಸದ್ದು ಮಾಡಲಿಲ್ಲ. ಕೆನ್ನೆಗೆ ಹೊಡೆದಿದ್ದರೆ ಅವನು ಕೈ ಮುಗಿಯುತ್ತಿದ್ದ.

ದಾನಿಶ್ ಗೋಡೆಯ ತೂತಿನ ಮುಂದೆ ಮಂಡಿಯೂರಿದ. ಸೀಳಿದ ತುದಿಯನ್ನು ಕತ್ತರಿಸಿ, ಅದಕ್ಕೆ ಎರಡು ಹೊಸ ಕೇಬಲ್ಲುಗಳನ್ನು ಒಟ್ಟಿಗೆ ಕಟ್ಟಿ ಟೇಪು ಸುತ್ತಿದ. "ಕೆಳಗೆ ಹೋಗಿ ಎಳೀತೀನಿ. ನೀವು ಬಿಡ್ರಿ," ಎಂದಷ್ಟೇ ಹೇಳಿದ, 'ಕಾಕಾ' ಎನ್ನಲಿಲ್ಲ. ಮಾಲತೇಶಪ್ಪ ಮೂಲೆಯ ಕೋಣೆಯಲ್ಲಿ ಒಬ್ಬನೇ ಕುಳಿತು ಬಿಡುತ್ತಾ ಹೋದ. ಕೆಳಗಿನಿಂದ ಎಳೆತ ಬಂದಾಗಲೆಲ್ಲ ಗೋಡೆ ಒಂದು ಗುಟುಕು ನುಂಗಿತು. ತಿರುವಿನಲ್ಲಿ ಒಮ್ಮೆ ಸಿಕ್ಕಿಕೊಂಡಿತು, ಮತ್ತೆ ಸಡಿಲವಾಯಿತು. ಮಧ್ಯಾಹ್ನದ ಹೊತ್ತಿಗೆ ಎರಡೂ ಕೇಬಲ್ಲಿಗೆ ಜ್ಯಾಕು ಕೂತು, ಅವು ಸೇರುವ ಸ್ವಿಚ್ಚಿನ ಪೆಟ್ಟಿಗೆಯ ಮೇಲೆ ಹಸಿರು ದೀಪಗಳು ಮಿಣಮಿಣ ಎಂದವು. ಮೇಜಿನ ಮೇಲಿನ ಪರದೆಯಲ್ಲಿ ಯಾರದೋ ಎದೆಗೂಡಿನ ಚಿತ್ರ ರೆಪ್ಪೆ ಮುಚ್ಚಿ ತೆರೆಯುವಷ್ಟರಲ್ಲಿ ಬಂದು ನಿಂತಿತು.

ಸಾಮಾನು ಗಾಡಿಗೆ ಏರಿಸಿದ ಮೇಲೆ ದಾನಿಶ್ ಅವನ ಹತ್ತಿರ ಬಂದ. "ಆ ವೈರು ಇನ್ನೂ ಐತೆ ಅಂದ್ರಲ್ಲ."

"ಐತಪ್ಪ."

"ಅಬ್ಬಾಗೆ ಒಯ್ದು ಕೊಡ್ರಿ. ನೀವೇ ಹೇಳ್ರಿ. ನಾನು ಹೇಳಲ್ಲ."

ಹಿತ್ತಿಲಿನಲ್ಲಿ ಅವನ ಪಂಚೆ ಒಣಗಿ ಗರಿಗರಿಯಾಗಿತ್ತು. ಅದನ್ನು ತೆಗೆದು ಮಡಿಸಿದ. ಕತ್ತರಿಸಿದರೆ ಒಂದು ನಿಮಿಷದ ಕೆಲಸ. ಇಕ್ಕಳ ಕೈಯಲ್ಲೇ ಇತ್ತು. ಆದರೆ ಗಂಟುಗಳು ಆಕೆಯವು. ಗೂಟದಲ್ಲೊಂದು, ಸರಳಿನಲ್ಲೊಂದು, ಬೇವಿನ ಮರದಲ್ಲಿ ಎರಡು. ಮರ ಬೆಳೆದು ತೊಗಟೆ ತಂತಿಯನ್ನು ಅರ್ಧ ನುಂಗಿತ್ತು. ಮಾಲತೇಶಪ್ಪ ಉಗುರಿನಿಂದ ಕೆದಕುತ್ತಾ ಕುಳಿತ. ಮೊದಲು ಒಂದು ಸುತ್ತು, ಅದರ ಅಡಿಯಿಂದ ಇನ್ನೊಂದು, ಆಮೇಲೆ ತುದಿಯನ್ನು ಹಿಂದಕ್ಕೆ ತಿರುಗಿಸಿ ಕುಣಿಕೆಯೊಳಗೆ. ಮೂವತ್ತೆಂಟು ವರ್ಷ ಸಂಸಾರ ಮಾಡಿದರೂ ಆಕೆ ಗಂಟು ಹೇಗೆ ಹಾಕುತ್ತಿದ್ದಳೆಂದು ಅವನಿಗೆ ಗೊತ್ತಾದದ್ದು ಅದನ್ನು ಬಿಚ್ಚುವಾಗ. ಸುಧಾ ಬಾಗಿಲಿಗೆ ಬಂದು ನೋಡಿದಳು. ಮಡಿಸಿಟ್ಟ ಪಂಚೆಯನ್ನು ಎತ್ತಿಕೊಂಡು ಒಳಗೆ ಹೋದಳು. ತಂತಿ ಇಲ್ಲದ ಹಿತ್ತಿಲು ಇದ್ದಕ್ಕಿದ್ದಂತೆ ಬಹಳ ದೊಡ್ಡದಾಗಿ, ಆಕಾಶ ಅಲ್ಲಿ ಬರಿಗೈಯಲ್ಲಿ ಇಳಿದು ನಿಂತ ಹಾಗಿತ್ತು.

ಹರಿಹರದ ಬಸ್ಸಿನಲ್ಲಿ ಸುತ್ತು ಅವನ ತೊಡೆಯ ಮೇಲಿತ್ತು. ಹೊರಗೆ ಭತ್ತದ ಗದ್ದೆಗಳು ಹಿಂದಕ್ಕೆ ಸರಿದವು. ಅವನು ಕಿಟಕಿಯಿಂದ ರಸ್ತೆಯ ಬದಿಯನ್ನೇ ನೋಡುತ್ತಿದ್ದ. ಸ್ವಲ್ಪ ಹೊತ್ತಿನ ಮೇಲೆ ತಾನು ಮತ್ತೆ ಹುಡುಕುತ್ತಿದ್ದೇನೆ ಎನ್ನುವುದು ತಿಳಿದು ಕಣ್ಣು ಮುಚ್ಚಿಕೊಂಡ.

ನಬೀ ಸಾಬನ ಮನೆ ಹೊಳೆಯ ಕಡೆಯ ಓಣಿಯಲ್ಲಿ. ಅಂಗಳದ ಮಂಚದ ಮೇಲೆ ದಿಂಬಿಗೆ ಒರಗಿ ಕುಳಿತಿದ್ದ. ಗಡ್ಡ ಪೂರಾ ಬೆಳ್ಳಗಾಗಿತ್ತು. ಕಂಡ ಕೂಡಲೆ ಮುಖ ಅರಳಿತು. "ಯಾರಿದು, ಮಾಲತೇಶಿ! ದಾರಿ ತಪ್ಪಿ ಬಂದೆಯೇನೋ? ಶಾಹಿಸ್ತಾ, ಚಾ ಇಡವ್ವ. ಇವನೇ ನೋಡು, ನಾನು ಹೇಳ್ತಿರ್ತೀನಲ್ಲ." ಸೊಸೆ ಶಾಹಿಸ್ತಾ ನಲ್ಲಿಯ ಹತ್ತಿರ ಬಟ್ಟೆ ಹಿಂಡುತ್ತಿದ್ದವಳು ಸೆರಗು ಸರಿಮಾಡಿಕೊಂಡು ನಕ್ಕಳು. "ದುರುಗಮ್ಮ ಹೋದಳಂತೆ. ಬರಾಕೆ ಕಾಲಿಲ್ಲಪ್ಪ ನನಗೆ. ಎಂಥಾ ಹೆಣ್ಣುಮಗಳು," ಎಂದ ನಬೀ.

ಮಾಲತೇಶಪ್ಪ ಸುತ್ತನ್ನು ಅವನ ತೊಡೆಯ ಮೇಲಿಟ್ಟ. "ಅವತ್ತಿಂದು. ದುರುಗಮ್ಮ ಬಟ್ಟೆ ಒಣಾಕಾಕೆ ಕಟ್ಟಿದ್ಲು," ಎಂದ.

ನಬೀ ಎಡಗೈಯಿಂದ ಅದನ್ನು ಸವರಿದ. ತುದಿಯ ಹೊದಿಕೆ ಬಿರಿದಿತ್ತು. ಅಲ್ಲಿ ಉಗುರು ಹಾಕಿ ಕಿತ್ತ. ಬೂದಿ ಬಣ್ಣದ ಒಳಗಿನಿಂದ ಕಿತ್ತಳೆ, ಹಸಿರು, ನೀಲಿ, ಕಂದು, ಪ್ರತಿಯೊಂದರ ಪಕ್ಕ ಅದರ ಬಿಳಿಯ ಜೊತೆಗಾರ, ನಿನ್ನೆ ಅಂಗಡಿಯಿಂದ ತಂದಷ್ಟು ಹೊಸದಾಗಿ ಹೊರಬಂದವು. ಬಹಳ ಹೊತ್ತು ನೋಡಿದ. "ಒಂದು ತುದಿ ಹಿಡಿ," ಎಂದ. ಒಂದು ಕೈಯಲ್ಲಿ ಅವನಿಗೆ ಅಳೆಯಲಾಗದು, ಮಾಲತೇಶಪ್ಪ ಹಿಡಿದ. ಇಬ್ಬರೂ ಮಾರು ಹಾಕುತ್ತಾ ಹೋದರು. ಹದಿನಾರು ಮಾರಿಗೆ ಇನ್ನೂ ಒಂದಿಷ್ಟು ಉಳಿಯಿತು, ಸರಿಯಾಗಿ ಮೂವತ್ತು ಮೀಟರು.

"ಹಂಗಾರೆ ಬಿದ್ದಿರಲಿಲ್ಲ," ಎಂದ ನಬೀ. ಅವನ ಕಣ್ಣಲ್ಲಿ ನೀರು. "ನಾನು ಕಟ್ಟಿದ್ದು ಸಡಿಲಾಗಿತ್ತು ಅಂತ ಇಲ್ಲೀತನಕ ತಿಳ್ಕಂಡಿದ್ದೆ ಕಣೋ. ಆ ಕೆಲಸ ಬಿಟ್ಟ ಮ್ಯಾಲೆ ಇಲ್ಲಿಂದ ಆಟೋ ಹೊಡೀತಿದ್ನಲ್ಲ, ಯಾರು ಸಾಮಾನು ಹೇರಿದ್ರೂ ಮೂರು ಸಲ ಇಳಿದು ಗಂಟು ನೋಡ್ತಿದ್ದೆ. ಜನ ನಗೋರು. ಬಿ ಬ್ಲಾಕಿಗೆ ಬಾಡಿಗೆ ಬಂದ್ರೆ ಒಲ್ಲೆ ಅಂತಿದ್ದೆ." ಆಮೇಲೆ ಆ ಮುಖದ ಮೇಲಿನ ಬೆಳಕು, ಸಂಜೆ ಗೋಡೆಯಿಂದ ಬಿಸಿಲು ಸರಿದಂತೆ, ನಿಧಾನವಾಗಿ ಸರಿಯಿತು. "ನನ್ನ ಜೊತೆ ಹುಡುಕಿದ್ಯಲ್ಲೋ ನೀನು?"

"ಹುಡುಕಿದೆ."

"ಚೀಲದಾಗೆ ಇಟ್ಕಂಡು?"

"ಹೂಂ."

"ಅದು ಯಾಕ?"

ಹೊಳೆಯ ಕಡೆಯಿಂದ ಗುಡಿಯ ಗಂಟೆ ಕೇಳಿಸಿ ನಿಂತಿತು.

"ತಗಂಡಿದ್ದಕ್ಕೆ ಸಿಟ್ಟಿಲ್ಲ ನನಗೆ," ಎಂದ ನಬೀ. "ಹೆಂಡ್ತಿಗೆ ಹಗ್ಗ ಬೇಕಾಗಿತ್ತು, ತಗಂಡಿ. ಕೇಳಿದ್ರೆ ನಾನೇ ಕೊಡ್ತಿದ್ದೆ. ಆ ಹುಡುಕಿದ್ದೊಂದು ಇತ್ತಲ್ಲ, ಅದನ್ನ ನಾನು ಇಷ್ಟು ವರ್ಷ ಜೋಪಾನ ಮಾಡಿದ್ದೆ. ಮಕ್ಕಳಿಗೆ ಹೇಳಿದ್ದೆ. ಅದನ್ನೂ ಇವತ್ತು ತಗಂಡ್ಯಲ್ಲ." ಮುಖವನ್ನು ಗೋಡೆಯ ಕಡೆಗೆ ತಿರುಗಿಸಿದ.

ಶಾಹಿಸ್ತಾ ತಂದಿಟ್ಟ ಚಹಾ ಕೆನೆಗಟ್ಟಿತು. ಅವಳು ಹಿಂಡಿದ ಬಟ್ಟೆಯ ಬಕೆಟ್ಟನ್ನು ಹಿಡಿದು, ಯಾರನ್ನು ಏನು ಕೇಳಬೇಕೆಂದು ತಿಳಿಯದೆ ನಿಂತಿದ್ದಳು. ಮಾಲತೇಶಪ್ಪ ಏಳಲು ಹೊರಟಾಗ ಗೋಡೆಯ ಕಡೆಯಿಂದ ಮಾತು ಬಂತು. "ತಂದೀಯಲ್ಲ. ಕಟ್ಟಿ ಹೋಗು."

ನಲ್ಲಿಯ ಕಂಬದಿಂದ ಬಾಗಿಲ ಮೇಲಿನ ಕೊಂಡಿಗೆ ಅವನು ಕಟ್ಟಿದ. ಮೊದಲು ಒಂದು ಸುತ್ತು, ಅದರ ಅಡಿಯಿಂದ ಇನ್ನೊಂದು, ತುದಿ ಹಿಂದಕ್ಕೆ, ಕುಣಿಕೆಯೊಳಗೆ. ಮಧ್ಯಾಹ್ನ ಬಿಚ್ಚುತ್ತಾ ಕಲಿತದ್ದನ್ನು ಬೆರಳುಗಳು ತಾವೇ ಮಾಡಿದವು. ಬಕೆಟ್ಟಿನ ಅಂಚಿನಲ್ಲಿದ್ದ ಚಿಂದಿಯನ್ನು ತೆಗೆದುಕೊಂಡು ಈ ತುದಿಯಿಂದ ಆ ತುದಿಯವರೆಗೆ ಒರೆಸಿದ. ಶಾಹಿಸ್ತಾ ಎರಡು ದೊಡ್ಡ ಚಾದರಗಳನ್ನು ಹರವಿದಳು. ಹಳೆಯ ತಂತಿ ಒದ್ದೆಯ ಭಾರಕ್ಕೆ ನಡುವೆ ಜಗ್ಗಿ, ಚಾದರದ ಅಂಚು ಅಂಗಳದ ಮಣ್ಣಿಗೆ ಒಂದು ಗೇಣು ಉಳಿಯಿತು, ಆಮೇಲೆ ನಾಲ್ಕು ಬೆರಳು.

"ನೆಲ ಮುಟ್ತತೆ ನೋಡು," ಎಂದ ನಬೀ, ತಿರುಗದೆ.

ಮಾಲತೇಶಪ್ಪ ಎರಡು ಚಾದರಗಳ ನಡುವೆ ಹೋಗಿ, ತಂತಿಯನ್ನು ಅಂಗೈಯಲ್ಲಿ ಹಿಡಿದು ಮೇಲೆತ್ತಿದ. ಎರಡೂ ಕಡೆ ಬಿಳಿ. ನೀರು ಮೊಣಕೈಯಿಂದ ಇಳಿದು ಬನಿಯನ್ನಿನೊಳಗೆ ಹರಿಯಿತು. ತೋಳು ನಡುಗತೊಡಗಿತು. ಹೊಳೆಯ ಗಾಳಿ ಬಂದು ಬಟ್ಟೆಯನ್ನು ಒಮ್ಮೆ ಅವನ ಮುಖಕ್ಕೆ ಒತ್ತಿ, ಮತ್ತೆ ಬಿಡಿಸಿತು. ಸಾಕು ಎಂದು ಯಾರೂ ಅನ್ನಲಿಲ್ಲ. ಅವನು ಹಿಡಿದುಕೊಂಡೇ ನಿಂತ, ಅವು ಒಣಗುವವರೆಗೆ.